ಹಸನ

ಜನರೇಟರ್ ಇದೆ ಎಂಬ ಒಂದೇ ಕಾರಣಕ್ಕೆ
ಕಪನೂರಿನ ಈ ಬೇಳೆ ಮಿಲ್ಲಿನ ಮೇಲಿನ ಕೋಣೆ ಹಿಡಿದೆ.
ಕರೆಂಟು ಹೋದರೂ ನನ್ನ ಪರದೆ ಆರುವುದಿಲ್ಲ,
ಕೆಳಗೆ ತೊಗರಿ ಒಡೆಯುವ ಸದ್ದೂ ನಿಲ್ಲುವುದಿಲ್ಲ.

ಎರಡು ದೇಶಗಳ ಗಡಿಯ ಕೆಳಗೆ, ನೂರು ಮೀಟರು ಆಳದಲ್ಲಿ
ಪ್ರೋಟಾನಿನ ಗೊಂಚಲುಗಳು ಎದುರಾಬದುರು ಹಾಯುತ್ತವೆ
ಸೆಕೆಂಡಿಗೆ ನಾಲ್ಕು ಕೋಟಿ ಸಲ.
ಅಷ್ಟನ್ನೂ ಬರೆದಿಡುವ ವಹಿ ಭೂಮಿಯ ಮೇಲಿಲ್ಲ.
ಕಣ್ಣು ಮಿಟುಕಿಸುವ ಹೊತ್ತಿನ ಲಕ್ಷದಲ್ಲೊಂದು ಪಾಲಿನೊಳಗೆ
ಇದು ಇರಲಿ, ಇದು ಬೇಡ.
ಸಾವಿರವೋ ಎರಡು ಸಾವಿರವೋ ಉಳಿಯುತ್ತವೆ.
ಮಿಕ್ಕದ್ದು ಮಿಕ್ಕದ್ದಾಗಿಯೂ ಉಳಿಯುವುದಿಲ್ಲ.

ಅಂಬಾರಾಯನ ಮಷೀನೂ ಇದನ್ನೇ ಮಾಡುತ್ತದೆ.
ಜಾರುಬಂಡಿಯಲ್ಲಿ ಬೇಳೆ ಸುರಿಯುವಾಗ ಕ್ಯಾಮೆರಾ ನೋಡಿ
ಕಪ್ಪಾದದ್ದು ಬಂದರೆ ಟಪ್ಪೆಂದು ಗಾಳಿ ಊದಿ
ಹಿಂದಿನ ಚೀಲಕ್ಕೆ ಹಾರಿಸುತ್ತದೆ.
"ಎಷ್ಟು ಕಪ್ಪು ಅಂತ ನಾ ಹೇಳಿಕೊಟ್ಟೀನಿ ನೋಡ್ರಿ ಮೇಡಂ,
ಅಷ್ಟು ಮಾತ್ರ ಅದಕ್ಕ ತಿಳೀತದ," ಅನ್ನುತ್ತಾನೆ
ಬನಿಯನ್ನಿನ ತುಂಬ ಹಳದಿ ಹುಡಿ ಹೊತ್ತು.

ನಾನು ಹುಡುಕುವುದು ಕಪ್ಪೂ ಅಲ್ಲ, ಬಿಳುಪೂ ಅಲ್ಲ.
ಭಾರ.
ಚಿನ್ನದ ಹದಿನೇಳು ಪರಮಾಣುಗಳ ಭಾರ
ಒಂದೇ ಕಣದಲ್ಲಿ. ಇದ್ದರೆ.
ಆ 'ಇದ್ದರೆ'ಯ ಮೇಲೆ ನನ್ನ ಆರು ವರ್ಷದ ಸಂಬಳ ನಿಂತಿದೆ.

ಹಲಿಮಾಬಿಗೆ ಹೇಳುವುದು ಕಷ್ಟವಾಯಿತು.
"ಭಾರ ಇದ್ದದ್ದು ಹಾರಲ್ಲವ್ವ, ಮೊರದ ಹಿಂದ ತಾನೇ ಕೂಡ್ತದ.
ಹುಡುಕೋದೇನದ ಅದರಾಗ?"
ಇದು ಕೂಡುವುದಿಲ್ಲ ಖಾಲಾ, ಭಾರ ಇದ್ದಷ್ಟು ಬೇಗ ಒಡೆಯುತ್ತದೆ.
ಹುಟ್ಟಿದಲ್ಲಿಂದ ಕದಲುವ ಮೊದಲೇ ಬೇಳೆ.
ನಮಗೆ ಸಿಗುವುದು ದಿಕ್ಕಿಗೊಂದಾದ ಹೋಳು;
ಜೋಡಿಸಿ, ಇಡೀ ಕಾಳಿನ ತೂಕ ಹೇಳಬೇಕು.
ನಕ್ಕಳು. "ಅಂಥಾ ಕಾಳು ಗಂಜಿನಾಗ ಯಾರೂ ಹಿಡಿಯಂಗಿಲ್ಲ ಬಿಡು."

ಗುರುಶಾಂತಪ್ಪ ಮುನೀಮರಿಗೆ ಮಾತ್ರ ತಟ್ಟನೆ ತಿಳಿಯಿತು.
ಒಂದು ಕ್ವಿಂಟಲ್ ತೊಗರಿ ಒಳಗೆ ಹೋದರೆ
ಬೇಳೆ ಇಷ್ಟು, ನುಚ್ಚು ಇಷ್ಟು, ಹೊಟ್ಟು ಇಷ್ಟು,
ಕೂಡಿಸಿದರೆ ನೂರು ಬರುವುದಿಲ್ಲ.
ಒಂದೂವರೆ ಕೆಜಿ ಹಾರಿದ ಧೂಳು, ವಹಿಯಲ್ಲಿ ಮಾಫಿ.
"ಎರಡೂವರೆ ಹೋತಂದ್ರ ಗೇಟಿನ ವಾಚ್‌ಮನ್‌ಗ ಕರಸ್ತೀನಿ."
ನಮ್ಮಲ್ಲೂ ನ್ಯೂಟ್ರಿನೋ ಒಯ್ದದ್ದು ಮಾಫಿ;
ಅದಕ್ಕಿಂತ ಹೆಚ್ಚು ಕಾಣೆಯಾದರೆ ಆ ರಾತ್ರಿ ಊಟವಿಲ್ಲ.

ಶಿವರಾತ್ರಿಯ ಸುಮಾರಿಗೆ ನಕ್ಷೆಯ ಇಳಿಜಾರಿನಲ್ಲಿ
ಒಂದು ಉಬ್ಬು ಕಂಡಿತ್ತು.
ಎರಡು ಇರಬೇಕಾದಲ್ಲಿ ಏಳು.
ಯಾರಿಗೂ ಹೇಳದೆ ಮೂರು ದಿನ ರೊಟ್ಟಿ ಮುರಿಯುತ್ತ ಕೂತೆ.
ನಾಗರಪಂಚಮಿಯ ಹೊತ್ತಿಗೆ ಹೊಸ ದತ್ತಾಂಶ ಬಂತು,
ಪೂರಿ ಠುಸ್ಸೆಂದು ತಟ್ಟೆಗೆ ಕೂತ ಹಾಗೆ
ಉಬ್ಬು ನೆಲಸಮ.

ಹಾಗಾಗಿ ಇವತ್ತು ಬರೆಯುತ್ತಿರುವುದು: ಇಲ್ಲ.
ನಾಲ್ಕೂವರೆ ಟೆರಾ ಎಲೆಕ್ಟ್ರಾನ್‌ವೋಲ್ಟಿನ ತನಕ ಇಲ್ಲ,
ನೂರಕ್ಕೆ ತೊಂಬತ್ತೈದು ಭರವಸೆಯಿಂದ ಇಲ್ಲ.
ಇಲ್ಲ ಅನ್ನುವುದಕ್ಕೂ ಎಷ್ಟು ಕರೆಂಟು ಬೇಕು ನೋಡಿ.

ನಿದ್ದೆ ಕೆಡಿಸುವುದು ಅದಲ್ಲ.
ಬೆಳಗಿನ ಜಾವ ಕೆಳಗಿಳಿದರೆ, ಮಷೀನು ಉಗುಳಿದ ಚೀಲ ಸುರುವಿಕೊಂಡು
ಹಲಿಮಾಬಿ ಮತ್ತೆ ಹಸನ ಮಾಡುತ್ತಿದ್ದಾಳೆ.
ಮಣ್ಣಂಟಿ ಕಪ್ಪಾದ, ಒಳಗೆ ಅರಿಶಿನದಂಥ ಬೇಳೆ
ಒಂದು ಹಿಡಿ,
ಸೆರಗಿಗೆ ಒರೆಸಿ ಬೇರೆ ಇಡುತ್ತಾಳೆ.
ನಮ್ಮ ಮಷೀನಿಗೆ ಹಿಂದೆ ಚೀಲ ಕಟ್ಟಿಲ್ಲ.
ಎಷ್ಟು ಕಪ್ಪು ಎಂದು ಹೇಳಿಕೊಟ್ಟವರು ನಾವೇ;
ಬೇಡ ಎಂದದ್ದು ಬೇಡವಾಗಿಯೇ ಹೋಯಿತು,
ಏನಿತ್ತು ಅದರಲ್ಲಿ ಎಂದು ಒರೆಸಿ ನೋಡಲು
ಸೆರಗಿಲ್ಲ, ಹೆಬ್ಬೆರಳಿಲ್ಲ.

ಪಕ್ಕ ಕೂತು ಮೊರ ಈಸಿಕೊಂಡೆ.
"ಹರಳು ಕಂಡರ ತೆಗಿ," ಅಂದಳು.
ಯಾವ ಹರಳು ಖಾಲಾ, ಉಂಗುರದ್ದಾ?
"ಸಿಕ್ಕರ ಹೇಳು," ಅಂದಳು, ಕತ್ತೆತ್ತದೆ.